ಮನೆ ಖಾಲಿ ಇದೆ, ನಿಮಗಲ್ಲ

ಬಾಡಿಗೆ ಮನೆ ನಿರಾಕರಿಸಿದರೆ ದೂರು ಕೊಡಬಹುದೇ? ಎಲ್ಲಿ, ಹೇಗೆ, ಯಾವ ಕಾನೂನಿನಡಿ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರನ್ನು 'ನಿಮ್ಮದು ಯಾವ ಜಾತಿ' ಎಂದು ನೇರವಾಗಿ ಕೇಳುವವರು ಕಡಿಮೆ. ಅದಕ್ಕೆ ಬಳಸುದಾರಿಗಳು ಬೇಕಾದಷ್ಟಿವೆ. 'ಮನೆದೇವರು ಯಾವುದು?' ಎಂದರೆ ಅರ್ಧ ಉತ್ತರ ಸಿಕ್ಕಿತು. 'ಊರಲ್ಲಿ ನಿಮ್ಮನೆ ಯಾವ ಕಡೆ ಬರುತ್ತೆ?' ಎಂದರೆ ಉಳಿದರ್ಧ. 'ಪೂರ್ತಿ ಹೆಸರು ಹೇಳಿ' ಎಂದಾಗ ಧರ್ಮ ಗೊತ್ತಾಗುತ್ತದೆ. 'ನಾನ್‌ವೆಜ್ ಏನಾದ್ರೂ ಮಾಡ್ತೀರಾ?' ಎಂಬ ಪ್ರಶ್ನೆ ಇವೆರಡನ್ನೂ ಒಟ್ಟಿಗೆ ಸೋಸುತ್ತದೆ. ಆಮೇಲೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 'ಅಯ್ಯೋ, ಈಗ ತಾನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರು.' ಮುಂದಿನ ವಾರವೂ ಟು-ಲೆಟ್ ಬೋರ್ಡು ಅದೇ ಗೇಟಿನಲ್ಲಿ ತೂಗುತ್ತಿರುತ್ತದೆ.

ಹೀಗೆ ಬರಿಗೈಲಿ ವಾಪಸ್ಸಾದವರು ಬೇರೆ ಬೀದಿ ಹುಡುಕುತ್ತಾರೆಯೇ ಹೊರತು ದೂರು ಕೊಡುವುದಿಲ್ಲ. ಕೊಡಲು ಸಾಧ್ಯ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಎಲ್ಲಿ ಕೊಡಬೇಕೆಂಬ ಗೊಂದಲ. ಅಮೆರಿಕದಲ್ಲಿ 1968ರಿಂದ ಇದಕ್ಕೆಂದೇ ಒಂದು ಕಾಯ್ದೆ ಇದೆ, ದೂರಿನ ಫಾರಂ ಇದೆ, ತನಿಖೆಗೆ ಗಡುವು ಇದೆ. ಕಾನೂನಿನ ಹೆದರಿಕೆ ಇರುವುದರಿಂದಲೇ ಅಲ್ಲಿನ ಮಾಲೀಕ ನಿಜವಾದ ಕಾರಣವನ್ನು ಬಾಯಿಬಿಡುವುದಿಲ್ಲ. ದೂರುದಾರರ ಕಷ್ಟವೆಲ್ಲ ಸಾಕ್ಷಿ ಹುಡುಕುವುದರಲ್ಲಿ. ನಮ್ಮಲ್ಲಿ ನೆಪ ಹೇಳುವವರ ಜೊತೆಗೆ, ಕಾರಣವನ್ನು ಮುಖಕ್ಕೇ ಹೇಳುವವರು, ಜಾಹೀರಾತಿನಲ್ಲಿ ಅಚ್ಚು ಹಾಕಿಸುವವರು, ಗೇಟಿಗೆ ನೇತುಹಾಕುವವರೂ ಇದ್ದಾರೆ. ಸಾಕ್ಷಿಗೆ ಬರವಿಲ್ಲ, ಅದನ್ನು ಒಯ್ದು ಇಡಲು ಒಂದು ಕಚೇರಿ ಇಲ್ಲ. ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿವೆ ಎಂದೂ ಅಲ್ಲ. ಅರೆ ತೆರೆದ ಬಾಗಿಲುಗಳು ಕೆಲವಿವೆ. ಯಾವುದು ಯಾರಿಗೆ ಎಂದು ತಿಳಿದಿರಬೇಕು, ಅಷ್ಟೇ.

ಹೆಸರು ಬದಲಿಸಿದ ಬಾಡಿಗೆದಾರ

ಭಾರತದಲ್ಲಿ ದಾಖಲಾದ ವಸತಿ ನಿರಾಕರಣೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಂಬೇಡ್ಕರ್ ಅವರ ಅನುಭವ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅವರು ಬರೋಡಾ ಸಂಸ್ಥಾನದ ನೌಕರಿಗೆ ಸೇರಲು ಹೋದಾಗ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗುಟ್ಟು ರಟ್ಟಾದಾಗ ದೊಣ್ಣೆ ಹಿಡಿದ ಗುಂಪು ಬಂದು, ಅಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಬೆದರಿಸಿ ಹೋಯಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಆಶ್ರಯ ಸಿಗಲಿಲ್ಲ. ರಾಜ್ಯದ ಅಧಿಕಾರಿಯಾಗಿ ಬಂದವರು ರೈಲು ಹತ್ತಿ ಮುಂಬೈಗೆ ಹಿಂತಿರುಗಿದರು. ಇದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾರೆ.

ನೂರು ವರ್ಷ ದಾಟಿದ ಮೇಲೂ ಆ ಹಳೆಯ ಉಪಾಯ ಚಾಲ್ತಿಯಲ್ಲಿದೆ. ಫೋನಿನಲ್ಲಿ ಹೆಸರಿನ ಅರ್ಧ ಭಾಗ ನುಂಗುವವರು, ಗೆಳೆಯನ ಹೆಸರಲ್ಲಿ ಕರಾರು ಮಾಡಿಸುವವರು, ತಮ್ಮ ದೇವರ ಫೋಟೋ ಒಳಗೆ ಬಚ್ಚಿಟ್ಟು ಮಾಲೀಕರ ದೇವರನ್ನು ಎದುರಿಗಿಡುವವರು ಎಲ್ಲ ನಗರಗಳಲ್ಲೂ ಇದ್ದಾರೆ. ಇದು ಬರಿಯ ಅನುಮಾನವೂ ಅಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು 2012ರಲ್ಲಿ ದೆಹಲಿ ಹಾಗೂ ಸುತ್ತಲಿನ ನಗರಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಓದು, ಉದ್ಯೋಗ, ಸಂಬಳ ಎಲ್ಲವೂ ಒಂದೇ ಮಟ್ಟದ್ದು. ಬೇರೆಯಾಗಿದ್ದದ್ದು ಹೆಸರು ಮಾತ್ರ. ಮೇಲ್ಜಾತಿಯ ಹೆಸರು ಹೇಳಿದವರಿಗೆ ಮನೆ ಸುಲಭವಾಗಿ ಸಿಕ್ಕಿತು. ದಲಿತ ಹೆಸರಿನವರಿಗೆ ಕಷ್ಟವಾಯಿತು, ಮುಸ್ಲಿಂ ಹೆಸರಿನವರಿಗೆ ಇನ್ನೂ ಕಷ್ಟ. ಒಪ್ಪಿದ ಮಾಲೀಕರೂ ಕೆಲವರಿಗೆ ಷರತ್ತು ಹಾಕಿದರು. 2015ರಲ್ಲಿ ಈ ಅಧ್ಯಯನ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟವಾಯಿತು.

ಸಂವಿಧಾನ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ

ಸಂವಿಧಾನ ತಾರತಮ್ಯವನ್ನು ನಿಷೇಧಿಸಿದೆಯಲ್ಲ, ಮತ್ತೇಕೆ ದೂರು ಕೊಡಲಾಗದು ಎಂದು ಕೇಳಬಹುದು. 15ನೇ ವಿಧಿಯ ಮೊದಲ ಭಾಗ ಕಟ್ಟಿಹಾಕುವುದು ಸರ್ಕಾರವನ್ನು. ಎರಡನೇ ಭಾಗ ಖಾಸಗಿಯವರಿಗೂ ಅನ್ವಯಿಸುತ್ತದೆ. ಆದರೆ ಅದು ಹೆಸರಿಸುವುದು ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಗೃಹಮಂಡಳಿಯೋ ಅಭಿವೃದ್ಧಿ ಪ್ರಾಧಿಕಾರವೋ ಧರ್ಮ ನೋಡಿ ಮನೆ ನಿರಾಕರಿಸಿದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಎರಡನೇ ಅಡ್ಡರಸ್ತೆಯ ಮಾಲೀಕರು ನಿರಾಕರಿಸಿದರೆ ಆ ದಾರಿ ಇಲ್ಲ.

ಬಾಡಿಗೆ ಕಾನೂನುಗಳಾದರೂ ಏನು ಹೇಳುತ್ತವೆ? ಕರ್ನಾಟಕ ಬಾಡಿಗೆ ಕಾಯ್ದೆ 1999 ಒಳಗೆ ಬಂದ ಬಾಡಿಗೆದಾರನನ್ನು ಹೊರಹಾಕುವ ವಿಷಯ ಹೇಳುತ್ತದೆ, ಬಾಡಿಗೆ ದರದ ವಿಷಯ ಹೇಳುತ್ತದೆ. ಒಳಗೆ ಬಿಟ್ಟುಕೊಳ್ಳುವಾಗ ಯಾರನ್ನು ಬೇಡ ಎನ್ನಬಾರದು ಎಂಬ ಬಗ್ಗೆ ಅದು ಮೌನ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಮಾದರಿ ಬಾಡಿಗೆ ಕಾಯ್ದೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು ಅದರಲ್ಲಿದೆ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ರೂಢಿಯಾದ ಬೆಂಗಳೂರಿಗರಿಗೆ ಅದು ಕನಸಿನಂಥ ಸಂಗತಿ. ಆದರೆ ಜಾತಿ-ಧರ್ಮದ ತಾರತಮ್ಯದ ವಿಷಯದಲ್ಲಿ ಅದರಲ್ಲೂ ಒಂದು ಸಾಲಿಲ್ಲ.

ನ್ಯಾಯಾಲಯಗಳ ಒಲವೂ ಒಪ್ಪಂದ ಸ್ವಾತಂತ್ರ್ಯದ ಕಡೆಗೇ ಇತ್ತು. ಅಹಮದಾಬಾದಿನ ಪಾರ್ಸಿ ಸಹಕಾರ ವಸತಿ ಸಂಘವೊಂದು ತನ್ನ ಜಾಗ ಪಾರ್ಸಿಗಳಿಗೆ ಮಾತ್ರ ಎಂದು ಉಪವಿಧಿಯಲ್ಲಿ ಬರೆದುಕೊಂಡಿತ್ತು. 2005ರಲ್ಲಿ ಸುಪ್ರೀಂ ಕೋರ್ಟ್ ಆ ಉಪವಿಧಿಯನ್ನು ಎತ್ತಿಹಿಡಿಯಿತು. 'ನಮ್ಮ ಸಂಘ, ನಮ್ಮ ನಿಯಮ' ಎನ್ನುವವರಿಗೆ ಅಂದಿನಿಂದ ಆ ತೀರ್ಪು ಗುರಾಣಿ.

ಯಾರಿಗೆ ಯಾವ ಕಾನೂನು

ಇದು ಹೊರನೋಟ. ಒಳಗೆ ಹೊಕ್ಕು ನೋಡಿದರೆ ಕೆಲವರ ಕೈಯಲ್ಲಿ ನಿಜವಾದ ಕಾನೂನು ಇದೆ.

ಮೊದಲನೆಯದು ಪರಿಶಿಷ್ಟ ಜಾತಿಯವರದು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡುವಾಗ ಸರ್ಕಾರ, ಖಾಸಗಿ ಎಂದು ಭೇದ ಮಾಡಲಿಲ್ಲ. ಅದರ ಬೆನ್ನಿಗೆ ಬಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ 1955ರ 4ನೇ ಪ್ರಕರಣ, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿಪಡಿಸುವುದು ಅಪರಾಧ ಎನ್ನುತ್ತದೆ. ಒಂದರಿಂದ ಆರು ತಿಂಗಳ ಜೈಲು, ನೂರರಿಂದ ಐನೂರು ರೂಪಾಯಿ ದಂಡ. ದಂಡದ ಮೊತ್ತ ನೋಡಿ ನಗು ಬರಬಹುದು. 12ನೇ ಪ್ರಕರಣ ಓದಿದರೆ ಬರುವುದಿಲ್ಲ. ಇಂಥ ಕೃತ್ಯ ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. 'ಬೇರೆ ಕಾರಣ ಇತ್ತು' ಎಂದು ತೇಲಿಸುವ ಮಾಲೀಕರು ಆ ಕಾರಣವನ್ನು ಸಾಬೀತು ಮಾಡಬೇಕು. ಎಪ್ಪತ್ತು ವರ್ಷ ಹಳೆಯ ಈ ಅಸ್ತ್ರ ಬಾಡಿಗೆ ಮನೆಯ ವಿಷಯದಲ್ಲಿ ಬಳಕೆಯಾಗುವುದು ಅಪರೂಪ.

ಎರಡನೆಯದು, 'ಅಟ್ರಾಸಿಟಿ ಕಾಯ್ದೆ' ಎಂದು ಎಲ್ಲರ ಬಾಯಲ್ಲಿರುವ 1989ರ ದೌರ್ಜನ್ಯ ತಡೆ ಕಾಯ್ದೆ. ಇದು ಪರಿಶಿಷ್ಟ ಪಂಗಡದವರಿಗೂ ಅನ್ವಯ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನು ಅಪರಾಧವಾಗಿಸಿತು. ವ್ಯವಹರಿಸಲು ನಿರಾಕರಿಸುವುದು, ಎಲ್ಲರಿಗೂ ಇರುವ ಷರತ್ತಿನಲ್ಲಿ ವ್ಯವಹಾರ ಮಾಡದಿರುವುದು ಆರ್ಥಿಕ ಬಹಿಷ್ಕಾರದ ವ್ಯಾಖ್ಯೆಯಲ್ಲಿದೆ. ಮನೆ ನಿರಾಕರಣೆ ಇದರಡಿ ಬರುತ್ತದೆಂದು ವಾದಿಸಲು ಜಾಗ ಉಂಟು. ಜಾತಿ ಹೆಸರು ಹಿಡಿದು ಬೈದರೆ ಪ್ರಕರಣ ಬೇರೆ, ಆದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಗೇಟಿನ ಬಳಿ ನೆರೆಯವರೆದುರು ಅಂದದ್ದಕ್ಕೂ ಇಬ್ಬರೇ ಇದ್ದ ಫೋನ್ ಕರೆಯಲ್ಲಿ ಅಂದದ್ದಕ್ಕೂ ಕೋರ್ಟಿನಲ್ಲಿ ಬಹಳ ವ್ಯತ್ಯಾಸ.

ಮೂರನೆಯದು ಲಿಂಗತ್ವ ಅಲ್ಪಸಂಖ್ಯಾತರದು. 2019ರ ಕಾಯ್ದೆಯ 3ನೇ ಪ್ರಕರಣ, ಮನೆ ಕೊಳ್ಳುವ, ಬಾಡಿಗೆಗೆ ಪಡೆಯುವ, ವಾಸಿಸುವ ಹಕ್ಕಿನಲ್ಲಿ ತಾರತಮ್ಯ ಕೂಡದು ಎಂದು ಸ್ಪಷ್ಟವಾಗಿ ಹೇಳಿದೆ. ಶಿಕ್ಷೆಯ ಪ್ರಕರಣಕ್ಕೆ ಬಂದಾಗ ಮಾತ್ರ, ವಾಸದ ಜಾಗದಿಂದ ಹೊರದೂಡುವುದಕ್ಕೆ ಆರು ತಿಂಗಳಿಂದ ಎರಡು ವರ್ಷದ ಜೈಲಿದೆ, ಮೊದಲೇ ಬಾಡಿಗೆಗೆ ಕೊಡದಿದ್ದರೆ ಅಂಥ ಶಿಕ್ಷೆಯ ಮಾತಿಲ್ಲ. ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ ಇದೇ ಮಾತಿನಲ್ಲಿ ರಕ್ಷಣೆ ಕೊಡುತ್ತದೆ. ದೂರು ಕೇಳಲು ಪ್ರತಿ ರಾಜ್ಯವೂ ಓಂಬುಡ್ಸ್‌ಮನ್ ನೇಮಿಸಬೇಕು, 30 ದಿನದಲ್ಲಿ ಆದೇಶ ಬರಬೇಕು. ಅಂಗವಿಕಲರಿಗೆ 2016ರ ಕಾಯ್ದೆ ಇದೆ, ದೂರಿಗೆ ರಾಜ್ಯ ಆಯುಕ್ತರಿದ್ದಾರೆ.

ಇಷ್ಟು ಎಣಿಸಿದ ಮೇಲೆ ಹೊರಗುಳಿದವರ ಸಾಲು ಉದ್ದವಾಗಿಯೇ ಇದೆ. ಮುಸ್ಲಿಮರು, ಕ್ರೈಸ್ತರು, ಈಶಾನ್ಯದಿಂದ ಬಂದವರು, ಒಂಟಿ ಹೆಂಗಸರು, ವಿಚ್ಛೇದಿತೆಯರು, ಮಾಂಸ ತಿನ್ನುವವರು, 'ಬ್ಯಾಚುಲರ್ಸ್' ಎಂಬ ಹಣೆಪಟ್ಟಿಯ ಹುಡುಗ-ಹುಡುಗಿಯರು. ದೆಹಲಿಯಲ್ಲಿ 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ಹಲ್ಲೆಗೆ ಬಲಿಯಾದ ನಂತರ ನೇಮಕಗೊಂಡ ಬೇಜ್‌ಬರುವಾ ಸಮಿತಿ, ಈಶಾನ್ಯದವರು ಬಾಡಿಗೆ ಮನೆಗಾಗಿ ಪಡುವ ಪಾಡನ್ನೂ ದಾಖಲಿಸಿತು. ಅಲ್ಪಸಂಖ್ಯಾತರ ಆಯೋಗ, ಮಹಿಳಾ ಆಯೋಗಗಳಿಗೆ ಅರ್ಜಿ ಕೊಡಬಹುದು. ಅವು ವಿಚಾರಿಸಿ ಶಿಫಾರಸು ಮಾಡಬಲ್ಲವು, ಬೀಗದ ಕೈ ಕೊಡಿಸಲಾರವು.

ಠಾಣೆಗೆ ಹೋಗುವ ಮುನ್ನ

ದೂರು ಕೊಡುವ ಹಕ್ಕಿದ್ದವರಿಗೂ ಮೊದಲ ಅಡ್ಡಿ ಠಾಣೆಯ ಮೇಜೇ. 'ಇದು ಸಿವಿಲ್ ಮ್ಯಾಟರ್, ಬೇರೆ ಮನೆ ನೋಡ್ಕೊಳ್ಳಿ' ಎಂದು ಸಮಾಧಾನ ಹೇಳಿ ಕಳಿಸುವುದು ವಾಡಿಕೆ. ಅದಕ್ಕೇ ದೂರು ಬಾಯಿಮಾತಿನಲ್ಲಿ ಬೇಡ. ಬಿಳಿ ಹಾಳೆಯಲ್ಲಿ ದಿನಾಂಕ, ಜಾಗ, ಆಡಿದ ಮಾತು, ಸಾಕ್ಷಿಗಳ ಹೆಸರು ಬರೆದು, 1955ರ ಕಾಯ್ದೆಯ 4ನೇ ಪ್ರಕರಣ ಎಂದು ನಮೂದಿಸಿ, ಎರಡು ಪ್ರತಿ ಒಯ್ಯಬೇಕು. ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಬೇಕು. ಈ ಕಾಯ್ದೆಯ ಅಪರಾಧಗಳೆಲ್ಲ ಸಂಜ್ಞೇಯ. ವಾರಂಟ್ ಇಲ್ಲದೆ ಪೊಲೀಸರು ಕೈಗೆತ್ತಿಕೊಳ್ಳಬಹುದಾದವು. ದೌರ್ಜನ್ಯ ತಡೆ ಕಾಯ್ದೆಯಡಿಯ ದೂರಿಗೆ ಪ್ರಾಥಮಿಕ ವಿಚಾರಣೆಯ ನೆಪವೂ ಇಲ್ಲ ಎಂದು 2018ರ ತಿದ್ದುಪಡಿ ಹೇಳಿದೆ; ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯವರು ಮಾಡುವಂತಿಲ್ಲ, 60 ದಿನದೊಳಗೆ ಮುಗಿಸಬೇಕು.

ಠಾಣೆಯವರು ತೆಗೆದುಕೊಳ್ಳಲಿಲ್ಲ ಎಂದಾದರೆ ಜಗಳ ಬೇಡ, ಹಿಂಬರಹ ಕೇಳಿ. ಯಾವ ಕಾರಣಕ್ಕೆ ದೂರು ದಾಖಲಿಸುತ್ತಿಲ್ಲ ಎಂದು ಬರೆದುಕೊಟ್ಟ ಆ ಚೀಟಿ ಮುಂದಿನ ಮೆಟ್ಟಿಲಿಗೆ ಬೇಕು. ಅಂಚೆಯಲ್ಲಿ ಎಸ್‌ಪಿಗೆ, ಬೆಂಗಳೂರಾದರೆ ಡಿಸಿಪಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ದೌರ್ಜನ್ಯ ಪ್ರಕರಣಗಳ ರಾಷ್ಟ್ರೀಯ ಸಹಾಯವಾಣಿ 14566. ಆರು ತಿಂಗಳ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ಒಂದು ವರ್ಷದೊಳಗೆ ಗಣನೆಗೆ ತೆಗೆದುಕೊಳ್ಳಬೇಕಾದ್ದರಿಂದ ತಡ ಮಾಡಿದಷ್ಟೂ ನಷ್ಟ ದೂರುದಾರರದೇ.

ಅಪಾರ್ಟ್‌ಮೆಂಟುಗಳಲ್ಲಿ ಅಡ್ಡಿ ಬರುವುದು ಕೆಲವೊಮ್ಮೆ ಮಾಲೀಕರಿಂದಲ್ಲ, ಅಸೋಸಿಯೇಷನ್ನಿನಿಂದ. 'ನಮ್ಮ ಬೈಲಾದಲ್ಲಿ ಬ್ಯಾಚುಲರ್ಸ್‌ಗೆ ಅವಕಾಶ ಇಲ್ಲ' ಎಂದು ಕಾರ್ಯದರ್ಶಿ ಹೇಳಿದರೆ, ಬೈಲಾದ ಆ ಪುಟದ ಪ್ರತಿ ಕೊಡಿ ಎಂದು ಮಾಲೀಕರ ಮೂಲಕ ಲಿಖಿತವಾಗಿ ಕೇಳುವುದು ಒಳ್ಳೆಯದು. ಎಷ್ಟೋ ಕಡೆ ಆ ಪುಟವೇ ಇರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನ ತೀರ್ಮಾನವೇ ಬೈಲಾ ಆಗಿ ಓಡಾಡುತ್ತಿರುತ್ತದೆ.

ಅಮೆರಿಕದಲ್ಲಿ ದೂರಿನ ದಾರಿ

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರದಲ್ಲಿ, ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಹಾಕಿದರು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ, ಈ ನಾಲ್ಕು ಕಾರಣಕ್ಕೆ ಮನೆ ನಿರಾಕರಿಸುವುದು ಕಾನೂನುಬಾಹಿರವಾಯಿತು. 1974ರಲ್ಲಿ ಲಿಂಗ ಸೇರಿತು. 1988ರಲ್ಲಿ ಅಂಗವೈಕಲ್ಯ ಹಾಗೂ ಮಕ್ಕಳಿರುವ ಕುಟುಂಬ ಸೇರಿದವು. ಕೊನೆಯದು ನಮಗೆ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ 'ಫ್ಯಾಮಿಲಿಗೆ ಮಾತ್ರ'. ಅಲ್ಲಿ ಗಲಾಟೆ ಮಾಡುವ ಮಕ್ಕಳು ಬೇಡವೆಂದು ಫ್ಯಾಮಿಲಿಗಳನ್ನೇ ಹೊರಗಿಡುತ್ತಿದ್ದರು, ಅದನ್ನು ತಡೆಯಲು ಕಾನೂನು ಬೇಕಾಯಿತು.

ದೂರು ಕೊಡಬೇಕಾದ್ದು ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ. ಎಲ್ಲರೂ ಅದನ್ನು 'ಹಡ್' ಎನ್ನುತ್ತಾರೆ. ಆನ್‌ಲೈನಿನಲ್ಲಿ, ಫೋನಿನಲ್ಲಿ, ಅಂಚೆಯಲ್ಲಿ, ಹೇಗಾದರೂ ಸರಿ. ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ. ಕಾಯ್ದೆಯ ರಕ್ಷಣೆ ಯಾವುದೇ ವ್ಯಕ್ತಿಗೆ, ಪೌರರಿಗೆ ಮಾತ್ರವಲ್ಲ. ಎಚ್-1ಬಿ ವೀಸಾದಲ್ಲಿರುವ ಮೈಸೂರಿನವರೂ ದೂರು ಕೊಡಬಹುದು. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಇಲಾಖೆ ಹತ್ತು ದಿನದಲ್ಲಿ ಮಾಲೀಕರಿಗೆ ತಿಳಿಸುತ್ತದೆ, ನೂರು ದಿನದಲ್ಲಿ ತನಿಖೆ ಮುಗಿಸುವುದು ನಿಯಮ. ಆಗದಿದ್ದರೆ ಏಕೆ ಆಗಲಿಲ್ಲವೆಂದು ಬರೆದು ತಿಳಿಸಬೇಕು. ನಡುವೆ ರಾಜಿಗೆ ಅವಕಾಶ. ತಾರತಮ್ಯ ನಡೆದಿದೆ ಎನ್ನಲು ಆಧಾರ ಸಿಕ್ಕರೆ ಸರ್ಕಾರವೇ ದೂರುದಾರರ ಪರವಾಗಿ ಪ್ರಕರಣ ನಡೆಸುತ್ತದೆ. ಆಡಳಿತಾತ್ಮಕ ನ್ಯಾಯಾಧೀಶರ ಬದಲು ಫೆಡರಲ್ ಕೋರ್ಟ್ ಬೇಕೆಂದು ಯಾವ ಕಡೆಯವರಾದರೂ 20 ದಿನದೊಳಗೆ ಕೇಳಬಹುದು. ಇಲಾಖೆಯ ಸಹವಾಸವೇ ಬೇಡ ಎನ್ನುವವರು ಎರಡು ವರ್ಷದೊಳಗೆ ನೇರವಾಗಿ ದಾವೆ ಹೂಡಬಹುದು. ದೂರು ಕೊಟ್ಟರೆಂದು ಮಾಲೀಕರು ಸೇಡು ತೀರಿಸಿಕೊಂಡರೆ ಅದೂ ಕಾಯ್ದೆಯ ಉಲ್ಲಂಘನೆ.

ಇಷ್ಟೆಲ್ಲ ಇದ್ದರೂ 'ಮನೆ ಆಗಲೇ ಹೋಯ್ತು' ಎಂದು ನಗುನಗುತ್ತಾ ಹೇಳಿ ಬಾಗಿಲು ಹಾಕುವ ಮಾಲೀಕರನ್ನು ಹಿಡಿಯುವುದು ಹೇಗೆ? ಅದಕ್ಕೆ ಹುಟ್ಟಿಕೊಂಡವರು 'ಟೆಸ್ಟರ್'ಗಳು. 1978ರಲ್ಲಿ ವರ್ಜೀನಿಯಾದ ರಿಚ್ಮಂಡ್ ಹತ್ತಿರದ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ಸಿಲ್ವಿಯಾ ಕೋಲ್‌ಮನ್ ಎಂಬ ಕಪ್ಪು ಮಹಿಳೆ ಹೋಗಿ ಮನೆ ಇದೆಯೇ ಎಂದು ಕೇಳಿದರು. ಇಲ್ಲ ಎಂದರು. ಬಿಳಿಯ ಕೆಂಟ್ ವಿಲ್ಲಿಸ್ ಹೋಗಿ ಕೇಳಿದಾಗ ಇದೆ ಎಂದರು. ಇಬ್ಬರಿಗೂ ಮನೆ ಬೇಕಿರಲಿಲ್ಲ, ಪರೀಕ್ಷಿಸಲೆಂದೇ ಹೋದವರು. ಮನೆಯೇ ಬೇಡದವರಿಗೆ ಏನು ಅನ್ಯಾಯವಾಯಿತು ಎಂದು ಕಂಪನಿ ವಾದಿಸಿತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನಿಜವಾದ ಮಾಹಿತಿ ಪಡೆಯುವ ಹಕ್ಕನ್ನು ಕಾಯ್ದೆ ಎಲ್ಲರಿಗೂ ಕೊಟ್ಟಿದೆ, ಸುಳ್ಳು ಹೇಳಿಸಿಕೊಂಡದ್ದೇ ಅನ್ಯಾಯ, ಆದ್ದರಿಂದ ಕೋಲ್‌ಮನ್ ದಾವೆ ಹೂಡಬಹುದು ಎಂದಿತು. ಥೋರಟ್ ಅವರ ಅಧ್ಯಯನದ ವಿಧಾನವೂ ಇದೇ. ವ್ಯತ್ಯಾಸವೆಂದರೆ ಅಲ್ಲಿ ಅದು ಕೋರ್ಟಿನಲ್ಲಿ ಸಾಕ್ಷಿ, ಇಲ್ಲಿ ಪತ್ರಿಕೆಯಲ್ಲಿ ಲೇಖನ.

ಟೆಸ್ಟರ್‌ಗಳ ಬಲೆಗೆ ದೊಡ್ಡವರೂ ಬಿದ್ದಿದ್ದಾರೆ. ನ್ಯೂಯಾರ್ಕಿನ ತಮ್ಮ ಕಟ್ಟಡಗಳಲ್ಲಿ ಕಪ್ಪು ಜನರಿಗೆ ಮನೆ ನಿರಾಕರಿಸುತ್ತಿದ್ದಾರೆಂದು ಫ್ರೆಡ್ ಟ್ರಂಪ್, ಅವರ ಮಗ ಡೊನಾಲ್ಡ್ ಟ್ರಂಪ್ ಹಾಗೂ ಅವರ ಕಂಪನಿಯ ಮೇಲೆ ಅಮೆರಿಕದ ನ್ಯಾಯ ಇಲಾಖೆ 1973ರಲ್ಲಿ ದಾವೆ ಹೂಡಿತು. ತಪ್ಪು ಒಪ್ಪಿಕೊಳ್ಳದೆಯೇ ಅವರು 1975ರಲ್ಲಿ ರಾಜಿ ಮಾಡಿಕೊಂಡರು.

ಈ ಕಾಯ್ದೆಗೂ ತೂತುಗಳಿವೆ. ಮಾಲೀಕರೇ ವಾಸವಿರುವ, ನಾಲ್ಕಕ್ಕಿಂತ ಹೆಚ್ಚು ಮನೆಗಳಿಲ್ಲದ ಕಟ್ಟಡಕ್ಕೆ ವಿನಾಯಿತಿ ಇದೆ. ಆದರೂ 'ಇಂಥವರಿಗೆ ಮಾತ್ರ' ಎಂದು ಜಾಹೀರಾತು ಹಾಕುವಂತಿಲ್ಲ. ಜನಾಂಗದ ಕಾರಣಕ್ಕೆ ನಿರಾಕರಿಸಿದರೆ 1866ರ ಹಳೆಯ ಕಾಯ್ದೆ ಹಿಡಿಯುತ್ತದೆ, ಅದರಲ್ಲಿ ವಿನಾಯಿತಿಯೇ ಇಲ್ಲ. ಒಂದೇ ಮನೆಯನ್ನು ಹಂಚಿಕೊಳ್ಳುವ ರೂಮ್‌ಮೇಟ್ ಆಯ್ಕೆಗೆ ಕಾಯ್ದೆ ಅನ್ವಯವಾಗದು ಎಂದು ಪಶ್ಚಿಮ ತೀರದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಹೇಳಿತು. ಇಡೀ ಮನೆಯನ್ನು ಬಾಡಿಗೆಗೆ ಕೊಡುವ ನಮ್ಮವರು 'ಭಾರತೀಯರಿಗೆ ಮಾತ್ರ' ಎಂದು ಬರೆದರೆ ಅದು ಮೂಲ ದೇಶದ ತಾರತಮ್ಯ. ನಮ್ಮವರಿಗೆ ನಮ್ಮವರೇ ಆಗಬೇಕೆಂಬ ಅಕ್ಕರೆ ಅಲ್ಲಿ ಸಮಜಾಯಿಷಿಯಲ್ಲ.

ಜಾತಿಯೂ ವಿಮಾನ ಹತ್ತಿದೆ. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರಸಭೆ, ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಸ್ಥಳೀಯ ಶಾಸನವನ್ನು ಒಪ್ಪಿ, ಉದ್ಯೋಗ, ವಸತಿ ಮತ್ತು ಸಾರ್ವಜನಿಕ ಸ್ಥಳಗಳಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ ಮೊದಲ ಅಮೆರಿಕನ್ ನಗರವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಜಾತಿಯನ್ನು ಹೆಸರಿಸುವ ಮಸೂದೆ ಪಾಸು ಮಾಡಿದರೂ, ಇರುವ ಕಾನೂನೇ ಸಾಕೆಂದು ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆದರು. ಬ್ರಿಟನ್ನಿನ ಕೆಂಟ್‌ನಲ್ಲಿ ನೂರಾರು ಮನೆಗಳ ಮಾಲೀಕರೊಬ್ಬರು, ಬಣ್ಣದವರು ಬಿಟ್ಟುಹೋದ ಮೇಲೆ ಕರಿ ವಾಸನೆ ಉಳಿಯುತ್ತದೆ, ಅವರಿಗೆ ಕೊಡಬೇಡಿ ಎಂದು ಏಜೆಂಟರಿಗೆ ಬರೆದಿದ್ದರು. ಅಲ್ಲಿನ ಸಮಾನತಾ ಆಯೋಗ ಕೋರ್ಟಿಗೆ ಹೋಯಿತು. 2017ರಲ್ಲಿ ಅಂಥ ನಿಯಮ ಹಾಕದಂತೆ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಕಾನೂನು ಬಲ್ಲ ಊರಿನಲ್ಲಿ ಮಾಲೀಕರು ಕಾರಣವನ್ನು ಬರೆದುಕೊಟ್ಟ ಅಪರೂಪದ ಪ್ರಕರಣವದು.

ಪುಸ್ತಕದಲ್ಲಿ ಬರೆದಿಡಿ

ಇಲ್ಲಾಗಲಿ ಅಲ್ಲಾಗಲಿ, ದೂರು ಗೆಲ್ಲುವುದು ಸಿಟ್ಟಿನಿಂದಲ್ಲ, ಟಿಪ್ಪಣಿಯಿಂದ. ಮನೆ ನೋಡಲು ಹೊರಟ ದಿನದಿಂದಲೇ ಒಂದು ಪುಸ್ತಕ ಇಡುವುದು ಒಳ್ಳೆಯದು. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ ಕಾಣಲಿ. ಬೋರ್ಡಿನ ಫೋಟೋದಲ್ಲಿ ಮನೆ ಸಂಖ್ಯೆಯೂ ಬರಲಿ. ಕರೆ ಮಾಡಿದ ಸಮಯ, ಮಾತಾಡಿದವರು ಮಾಲೀಕರೋ ಬ್ರೋಕರೋ, ಹೇಳಿದ ಬಾಡಿಗೆ, ಅಡ್ವಾನ್ಸು, ಆಮೇಲೆ ಅವರು ಆಡಿದ ಮಾತು, ಇವನ್ನು ಆಡಿದ ಭಾಷೆಯಲ್ಲೇ, ಸುಧಾರಿಸದೆ, ಅಂದೇ ಬರೆಯಬೇಕು. 'ಜಾತಿ ಕಾರಣಕ್ಕೆ ನಿರಾಕರಿಸಿದರು' ಎಂಬ ಸಾಲಿಗಿಂತ '"ನಮ್ಮ ಅಮ್ಮ ಮಡಿ, ನಿಮಗೆ ಸರಿಹೋಗಲ್ಲ" ಎಂದರು' ಎಂಬ ಸಾಲಿಗೆ ತೂಕ ಹೆಚ್ಚು.

ನಿರಾಕರಣೆ ಬಾಯಿಮಾತಿನಲ್ಲಿ ಬಂದರೆ ಅದನ್ನು ಬರಹಕ್ಕೆ ಇಳಿಸುವ ಸರಳ ದಾರಿಯೊಂದಿದೆ. ಅದೇ ಸಂಜೆ ಸೌಮ್ಯವಾಗಿ ಒಂದು ಸಂದೇಶ: 'ನಮಸ್ಕಾರ ಸರ್, ಇವತ್ತು ಬೆಳಿಗ್ಗೆ ಎರಡನೇ ಮಹಡಿ ಮನೆ ನೋಡಲು ಬಂದಿದ್ದೆ. ನೀವು ಹೇಳಿದ ಬಾಡಿಗೆ, ಅಡ್ವಾನ್ಸ್ ನಮಗೆ ಒಪ್ಪಿಗೆ. ಮನೆ ಇನ್ನೂ ಖಾಲಿ ಇದೆಯೇ?' ಉತ್ತರ ಬಂದರೆ ದಾಖಲೆ. ಬಾರದಿದ್ದರೆ, ಒಪ್ಪಿಗೆ ತಿಳಿಸಿದ್ದೀರಿ ಎಂಬುದಕ್ಕೆ ದಾಖಲೆ. ಎರಡು ದಿನ ಬಿಟ್ಟು ಬೇರೆ ಹೆಸರಿನ ಗೆಳೆಯರೊಬ್ಬರು ಅದೇ ಮನೆಗೆ ಕರೆ ಮಾಡಿ ವಿಚಾರಿಸಿದರೆ ಅದು ನಮ್ಮ ಮಟ್ಟದ ಟೆಸ್ಟಿಂಗ್. ಗೆಳೆಯರೂ ತಮ್ಮ ಟಿಪ್ಪಣಿ ಬೇರೆಯಾಗಿ ಬರೆದಿಡಲಿ.

ಕರೆ ರೆಕಾರ್ಡ್ ಮಾಡಿದ್ದರೆ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಎಲೆಕ್ಟ್ರಾನಿಕ್ ದಾಖಲೆ ಕೋರ್ಟಿನಲ್ಲಿ ನಿಲ್ಲಲು 2023ರ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಪ್ರಮಾಣಪತ್ರ ಬೇಕು. ಅಮೆರಿಕದಲ್ಲಿರುವವರಿಗೆ ಇನ್ನೊಂದು ಎಚ್ಚರ: ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಎದುರಿನವರ ಒಪ್ಪಿಗೆಯಿಲ್ಲದೆ ಖಾಸಗಿ ಕರೆ ರೆಕಾರ್ಡ್ ಮಾಡುವುದೇ ಅಪರಾಧ. ಅನ್ಯಾಯ ಹಿಡಿಯಲು ಹೋಗಿ ತಾವೇ ಸಿಕ್ಕಿಬೀಳಬಾರದು.

ಕರ್ನಾಟಕ ಮಾಡಬಹುದಾದದ್ದು

'ನನ್ನ ಮನೆ, ನನ್ನಿಷ್ಟ' ಎನ್ನುವ ಮಾಲೀಕರ ಮಾತನ್ನು ತಳ್ಳಿಹಾಕುವಂತಿಲ್ಲ. ಬಾಡಿಗೆ ಕಟ್ಟದೆ ಸತಾಯಿಸುವವರ, ಗೋಡೆ ಹಾಳು ಮಾಡುವವರ ಕಾಟ ಉಂಡವರು ಅವರು. ಸಂಬಳದ ಚೀಟಿ ಕೇಳಲಿ, ಹಿಂದಿನ ಮಾಲೀಕರ ಫೋನ್ ನಂಬರ್ ಕೇಳಲಿ, ಪೊಲೀಸ್ ಪರಿಶೀಲನೆ ಮಾಡಿಸಲಿ, ಹನ್ನೊಂದು ತಿಂಗಳ ಕರಾರಿನಲ್ಲಿ ಬೇಕಾದ ಷರತ್ತು ಬರೆಯಲಿ. ತಾರತಮ್ಯ ವಿರೋಧಿ ಕಾನೂನು ಸಾಮಾನ್ಯವಾಗಿ ಇದನ್ನು ಕಸಿಯುವುದಿಲ್ಲ. ಅದು ಕಸಿಯುವುದು ಹುಟ್ಟಿನ ಲೆಕ್ಕ ನೋಡಿ ಬೇಡ ಎನ್ನುವ ಅಧಿಕಾರವನ್ನಷ್ಟೇ. ಆ ಲೆಕ್ಕದಿಂದ ಬಾಡಿಗೆ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುವುದೂ ಇಲ್ಲ.

ಅಮೆರಿಕದ ಕಾಯ್ದೆಯನ್ನು ಯಥಾವತ್ತಾಗಿ ತಂದರೆ ಬೆಂಗಳೂರಿಗೆ ಉಪಯೋಗ ಅಷ್ಟಕ್ಕಷ್ಟೇ. ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ಮಾಲೀಕರು, ಮೇಲೆ ಎರಡೋ ಮೂರೋ ಬಾಡಿಗೆ ಮನೆ ಎಂಬುದು ಈ ಊರಿನ ಕಟ್ಟಡಗಳ ಸಾಮಾನ್ಯ ಚಹರೆ. ಅಲ್ಲಿನ ವಿನಾಯಿತಿ ಇಲ್ಲಿಗೆ ಬಂದರೆ ನಿರಾಕರಣೆ ಎಲ್ಲಿ ಹೆಚ್ಚು ನಡೆಯುತ್ತದೆಯೋ ಆ ಮನೆಗಳೇ ಕಾನೂನಿನಿಂದ ತಪ್ಪಿಸಿಕೊಳ್ಳುತ್ತವೆ. ನಮ್ಮ ಕಾನೂನನ್ನು ನಮ್ಮ ಬೀದಿ ನೋಡಿ ಬರೆಯಬೇಕು. ವಿನಾಯಿತಿ ಏನಿದ್ದರೂ ಒಂದೇ ಬಾಗಿಲು, ಒಂದೇ ಅಡುಗೆಮನೆ ಹಂಚಿಕೊಳ್ಳುವವರಿಗೆ ಸಾಕು.

ಸಂಸತ್ತು ದಾರಿ ತೋರಲಿ ಎಂದು ಕಾಯಬೇಕಿಲ್ಲ. ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲೇ ಸಮಾನ ಅವಕಾಶ ಆಯೋಗ ಬೇಕೆಂದು ಶಿಫಾರಸು ಮಾಡಿತ್ತು. ಸಂಸದ ಶಶಿ ತರೂರ್ ತಾರತಮ್ಯ ತಡೆಯುವ ಖಾಸಗಿ ಮಸೂದೆಯೊಂದನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ಎರಡೂ ಕಾಗದದಲ್ಲೇ ಉಳಿದವು. ಬಾಡಿಗೆ ಕಾನೂನು ಮಾಡುವ ಅಧಿಕಾರ ರಾಜ್ಯ ವಿಧಾನಮಂಡಲಕ್ಕೆ ಇದೆ. 1999ರ ಕಾಯ್ದೆಯೂ ವಿಧಾನಸೌಧದಲ್ಲೇ ರೂಪುಗೊಂಡದ್ದು. ಅದಕ್ಕೆ ಮೂರು ಪ್ರಕರಣ ಸೇರಿಸಿದರೆ ಕೆಲಸ ಶುರುವಾಗುತ್ತದೆ. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು, ಮದುವೆಯಾಗಿದ್ದಾರೋ ಇಲ್ಲವೋ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನೂ ಹಾಗೆಂದು ಜಾಹೀರಾತು ಕೊಡುವುದನ್ನೂ ನಿಷೇಧಿಸುವುದು ಒಂದು. ಬ್ರೋಕರುಗಳು, ಬಾಡಿಗೆ ಆ್ಯಪ್‌ಗಳು ಇದರೊಳಗೆ ಬರಬೇಕು. ಗಡುವಿನೊಳಗೆ ತೀರ್ಮಾನಿಸುವ, ವಕೀಲರಿಲ್ಲದೆ ಹೋಗಬಹುದಾದ ದೂರು ಪ್ರಾಧಿಕಾರ ಇನ್ನೊಂದು. ಟೆಸ್ಟಿಂಗಿನಿಂದ ಸಿಕ್ಕ ಮಾಹಿತಿಯನ್ನು ಸಾಕ್ಷಿಯೆಂದು ಒಪ್ಪುವುದು ಮೂರನೆಯದು. ಜೈಲು ಬೇಡ, ಮೂರು ತಿಂಗಳ ಬಾಡಿಗೆಯಷ್ಟು ಪರಿಹಾರ ಕೊಡಿಸಿದರೆ ಸಾಕು, ಸುದ್ದಿ ಬೀದಿಯಿಂದ ಬೀದಿಗೆ ತಾನಾಗಿ ಹಬ್ಬುತ್ತದೆ.

ಅಲ್ಲಿಯವರೆಗೆ ಈಗಿರುವ ಕಾನೂನುಗಳಡಿ ದೂರು ಕೊಡುವುದರಿಂದ ಮನೆ ಸಿಗುತ್ತದೆಯೇ? ಬಹುಮಟ್ಟಿಗೆ ಇಲ್ಲ, ದೂರು ಕೊಟ್ಟವರು ಅದು ಇತ್ಯರ್ಥವಾಗುವ ಮೊದಲೇ ಇನ್ನೆಲ್ಲೋ ಮನೆ ಮಾಡಿರುತ್ತಾರೆ. ಆದರೆ ದೂರುಗಳೇ ಇಲ್ಲದ ಕಡೆ ಸಮಸ್ಯೆಯೂ ಇಲ್ಲ ಎಂದು ಸರ್ಕಾರ ಲೆಕ್ಕ ಹಾಕುತ್ತದೆ. ಠಾಣೆಯಲ್ಲಿ ಪಡೆದ ಸ್ವೀಕೃತಿ, ಹಿಂಬರಹ, ಆಯೋಗಕ್ಕೆ ಕಳಿಸಿದ ಅರ್ಜಿಯ ಪ್ರತಿ ಹತ್ತಾರು, ನೂರಾರು ಸೇರಿದಾಗ ಮಾತ್ರ ಶಾಸಕರ ಮುಂದೆ ಇಡಲು ಒಂದು ಕಡತ ಆಗುತ್ತದೆ. ದೂರು ಬರೆಯುವವರು ಈ ದೇಶದಲ್ಲಿ ಇನ್ನೂ ಇಲ್ಲದ ಕಾನೂನಿಗೆ ಮೊದಲ ಪುಟಗಳನ್ನು ಬರೆಯುತ್ತಿದ್ದಾರೆ. ಆ ಕೆಲಸ ಅವರೊಬ್ಬರ ಬಾಡಿಗೆ ಮನೆಗಿಂತ ದೊಡ್ಡದು.